ಎರಡು ಬಾಗಿಲಿನ ಹೈಬ್ರಿಡ್ ಬೇಕಂತೆ! ದೇವಿಮನೆ ಘಟ್ಟ ಹತ್ತಿ ಇಳಿಯುವವರಿಗೆ ಯಾವ ಸೆಕೆಂಡ್ ಹ್ಯಾಂಡ್ ಗಾಡಿ?

ಅಕ್ಕನ ಮಗ ಕಾರವಾರದಲ್ಲಿ ಕೆಲಸಕ್ಕಿದ್ದಾನೆ. ಶನಿವಾರ ಸಂಜೆ ಸಿರ್ಸಿಗೆ ಬರುತ್ತಾನೆ, ಸೋಮವಾರ ಕತ್ತಲಿರುವಾಗಲೇ ಹೊರಡುತ್ತಾನೆ. ಹೋದ ತಿಂಗಳು ಊಟಕ್ಕೆ ಕೂತಾಗ ಫೋನ್ ತೆಗೆದು ಒಂದು ಕಾರು ತೋರಿಸಿದ. ಹೋಂಡಾ ಸಿಆರ್-ಝಡ್. ಎರಡೇ ಬಾಗಿಲು, ಹಿಂದಿನ ಗಾಜು ಜಾರುಬಂಡಿಯ ಹಾಗೆ ಇಳಿದು ಬಂದು ಕತ್ತಿಯಲ್ಲಿ ಕಡಿದಂತೆ ನಿಲ್ಲುತ್ತದೆ, ಆರು ಗೇರು, ಅದರ ಮೇಲೆ ಹೈಬ್ರಿಡ್ ಬೇರೆ, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಕರೆಂಟಿನ ಮೋಟಾರೂ ಇರುವ ಗಾಡಿ. "ಮಾವ, ಇಂಥದ್ದೊಂದು ಸೆಕೆಂಡ್ ಹ್ಯಾಂಡ್ ಸಿಕ್ತಾ, ಎಂಟು ಲಕ್ಷದೊಳಗೆ?" ಅಂದ. ನಾನು ತಂಬುಳಿ ಬಡಿಸಿಕೊಳ್ಳುತ್ತಿದ್ದೆ. ಅವನ ಮುಖ ನೋಡಿದರೆ ಇಲ್ಲ ಅನ್ನಲು ಮನಸ್ಸಾಗಲಿಲ್ಲ, ಆದರೂ ಇಲ್ಲ ಅಂದೆ.

ಯಾಕೆ ಇಲ್ಲ ಅಂತ ಮೊದಲು ಹೇಳಿ ಮುಗಿಸುತ್ತೇನೆ. ಸಿಆರ್-ಝಡ್ 2010ರಲ್ಲಿ ಜಪಾನಿನಲ್ಲಿ ಬಂತು, 1.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಒಂದು ಸಣ್ಣ ಮೋಟಾರ್. 2016-17ರ ಹೊತ್ತಿಗೆ ನಿಂತೂ ಹೋಯಿತು. ನಮ್ಮ ದೇಶದ ಷೋರೂಮಿಗೆ ಅದು ಬರಲೇ ಇಲ್ಲ. ಹೊರಗಿಂದ ತರಿಸೋಣ ಅಂದರೆ, ಬಳಸಿದ ಕಾರು ತರಲು ಅದು ತಯಾರಾಗಿ ಮೂರು ವರ್ಷ ದಾಟಿರಬಾರದು ಅಂತ ನಿಯಮ ಇದೆ. ಸಿಆರ್-ಝಡ್ ನಿಂತೇ ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಆಯಿತು. ಅಲ್ಲಿಗೆ ಆ ಬಾಗಿಲು ಬಂದ್. ಇಂಥ ಎರಡು ಬಾಗಿಲಿನ, ಹಿಂಬದಿ ಇಳಿಜಾರಿನ ಕಾರಿಗೆ ಕೂಪೆ ಅನ್ನುತ್ತಾರೆ. ಭಾರತದಲ್ಲಿ ಅಧಿಕೃತವಾಗಿ ಮಾರಾಟವಾದ ಹೈಬ್ರಿಡ್ ಕೂಪೆ ಅಂದರೆ ನೆನಪಿಗೆ ಬರುವುದು ಬಿಎಂಡಬ್ಲ್ಯೂ ಐ8. 2015ರಲ್ಲಿ ಬಂದಾಗ ಅದರ ಬೆಲೆ 2.29 ಕೋಟಿ. ಅಷ್ಟು ದುಡ್ಡಿದ್ದರೆ ನಾವು ತೋಟ ತಗೊಳ್ಳುತ್ತಿದ್ದೆವು, ಅಲ್ವಾ? ಈಗೀಗ 'ಕೂಪೆ' ಅಂತ ಹೇಳಿಕೊಂಡು ಬಂದ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್ ಇವೆಯಲ್ಲ, ಅವಕ್ಕೆ ಹಿಂಬದಿ ಇಳಿಜಾರಿದೆ ನಿಜ, ಬಾಗಿಲು ನಾಲ್ಕೇ, ಹೈಬ್ರಿಡ್ಡೂ ಅಲ್ಲ.

ಹಾಗಾಗಿ ಪ್ರಶ್ನೆ ಸ್ವಲ್ಪ ತಿರುಗಿಸಿಕೊಂಡೆವು. ಕೂಪೆ ಬಿಡೋಣ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಓಡಿಸಲು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಗೊಳ್ಳುವುದಾದರೆ ಯಾವುದು, ಯಾರಿಗೆ, ಎಂಥ ಮನೆಗೆ? ಒಂದು ತಿಂಗಳು ಹುಬ್ಬಳ್ಳಿ, ಕುಮಟಾ, ಮಡಗಾಂವ್ ಅಂತ ಸುತ್ತಿದ್ದೇವೆ. ಅದರಲ್ಲಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲ ಗೊಂದಲ ಹೆಸರಿನದ್ದೇ. ಹೈಬ್ರಿಡ್ ಅನ್ನುವ ಒಂದೇ ಹೆಸರಿನಲ್ಲಿ ನಮ್ಮಲ್ಲಿ ಎರಡು ಜಾತಿಯ ಗಾಡಿ ಮಾರುತ್ತಾರೆ. ಒಂದು ಮೈಲ್ಡ್. ಇದರಲ್ಲಿ ಡೈನಮೋ ಜಾಗದಲ್ಲಿ ಬೆಲ್ಟಿಗೆ ಸಿಕ್ಕಿಸಿದ ಒಂದು ಚಿಕ್ಕ ಮೋಟಾರ್ ಇರುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಗುತ್ತದೆ, ಹೊರಡುವಾಗ ಆ ಮೋಟಾರ್ ಸ್ವಲ್ಪ ಕೈ ಕೊಡುತ್ತದೆ, ಅಷ್ಟೇ. ಬರೀ ಕರೆಂಟಿನ ಮೇಲೆ ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಮಾರುತಿ ಸಿಯಾಝ್, ಎರ್ಟಿಗಾ ಹಿಂಬದಿಯಲ್ಲಿ ಎಸ್‌ಎಚ್‌ವಿಎಸ್ ಅಂತ ಬರೆದದ್ದು ಇದೇ. ಇನ್ನೊಂದು ಸ್ಟ್ರಾಂಗ್. ಇದರಲ್ಲಿ ದೊಡ್ಡ ಬ್ಯಾಟರಿ, ದೊಡ್ಡ ಮೋಟಾರ್. ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗ ಎಂಜಿನ್ ಮಲಗಿರುತ್ತದೆ, ಗಾಡಿ ಸದ್ದಿಲ್ಲದೆ ಹೋಗುತ್ತಿರುತ್ತದೆ. ಟೊಯೊಟಾ ಕ್ಯಾಮ್ರಿ, ಪ್ರಿಯಸ್, ಹೋಂಡಾ ಸಿಟಿ ಇ-ಎಚ್‌ಇವಿ, ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾದ ದುಬಾರಿ ಮಾಡೆಲ್ಲುಗಳು ಈ ಜಾತಿ.

ನಾನೇ ಇದರಲ್ಲಿ ಬಿದ್ದವನು. ಕೆಲವು ವರ್ಷದ ಹಿಂದೆ ಒಬ್ಬ ಬ್ರೋಕರ್ "ಸರ್, ಹೈಬ್ರಿಡ್ ಗಾಡಿ, ಪೇಟೆಯಲ್ಲಿ ಪೆಟ್ರೋಲೇ ಬೇಡ" ಅಂತ ಹೇಳಿ ಒಂದು ಮೈಲ್ಡ್ ಹೈಬ್ರಿಡ್ ಕೊಟ್ಟ. ಮನೆಗೆ ತಂದು ಎರಡು ದಿನ, ಬರೀ ಕರೆಂಟಿನ ಮೇಲೆ ಓಡಿಸುವ ಇವಿ ಅಂತ ಬರೆದ ಬಟನ್ ಹುಡುಕಿದೆ. ಸ್ಟೀರಿಂಗ್ ಕೆಳಗೆ, ಗೇರಿನ ಹತ್ತಿರ, ಮಗಳ ಕೈಯಲ್ಲಿ ಟಾರ್ಚ್ ಹಿಡಿಸಿ. ಇರಲಿಲ್ಲ. ಗಾಡಿಯದ್ದು ಏನೂ ತಪ್ಪಿಲ್ಲ, ಚೆನ್ನಾಗಿಯೇ ಓಡಿತು, ಆದರೆ ನಾನು ಕೊಟ್ಟ ದುಡ್ಡು ಬೇರೆ ಗಾಡಿಯದ್ದು.

ಹೀಗಾಗಬಾರದು ಅಂದರೆ ಇಷ್ಟು ನೋಡಿ. ಕ್ಲಚ್ ಇದ್ದರೆ ಅದು ಸ್ಟ್ರಾಂಗ್ ಅಲ್ಲ. ಇಲ್ಲಿ ಸಿಗುವ ಸ್ಟ್ರಾಂಗ್ ಹೈಬ್ರಿಡ್ ಯಾವುದಕ್ಕೂ ಕ್ಲಚ್ ಇಲ್ಲ. ಬಾನೆಟ್ ಎತ್ತಿದರೆ ದಪ್ಪ ಕಿತ್ತಳೆ ಬಣ್ಣದ ವೈರು ಕಾಣಬೇಕು. ಅದು ಹೆಚ್ಚು ವೋಲ್ಟೇಜಿನ ವೈರು, ಅದನ್ನು ಮುಟ್ಟಲು ಹೋಗಬೇಡಿ. ಗ್ರ್ಯಾಂಡ್ ವಿಟಾರಾದಲ್ಲಿ ಝೀಟಾ ಪ್ಲಸ್, ಆಲ್ಫಾ ಪ್ಲಸ್ ಅಂತ ಪ್ಲಸ್ ಇದ್ದರೆ ಸ್ಟ್ರಾಂಗ್, ಬರೀ ಝೀಟಾ, ಆಲ್ಫಾ ಅಂದರೆ ಮೈಲ್ಡ್. ಒಂದು ಪದಕ್ಕೆ ಲಕ್ಷಗಟ್ಟಲೆ ವ್ಯತ್ಯಾಸ. ಹೈರೈಡರ್‌ನಲ್ಲಿ ನಿಯೋಡ್ರೈವ್ ಅಂದರೆ ಮೈಲ್ಡ್. ಆರ್‌ಸಿಯಲ್ಲಿ 'ಪೆಟ್ರೋಲ್/ಹೈಬ್ರಿಡ್' ಅಂತ ಇದೆ ನೋಡಿ ಅಂತ ತೋರಿಸುತ್ತಾರೆ, ಅದನ್ನು ನಂಬಬೇಡಿ, ಮೈಲ್ಡ್ ಗಾಡಿಗೂ ಹಾಗೇ ಬರೆದಿರುತ್ತದೆ.

ಇನ್ನು ಘಟ್ಟದ ವಿಷಯ. ಬೆಂಗಳೂರಿನವರು ಮಾಡಿದ ವಿಡಿಯೋ ನೋಡಿ ನಾವು ಗಾಡಿ ತಗೊಂಡರೆ ಲೆಕ್ಕ ತಪ್ಪುವುದು ಇಲ್ಲೇ.

ಅಳಿಯನ ಜೊತೆ ಒಂದು ಹೈರೈಡರ್ ಹೈಬ್ರಿಡ್ ಟ್ರಯಲ್ ನೋಡಿದೆವು. ಸಿರ್ಸಿಯಿಂದ ಹೊರಟು ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿದೆವು. ಬ್ಯಾಟರಿಯ ಚಿತ್ರದಲ್ಲಿ ಕಡ್ಡಿಗಳು ಮೇಲೇರುತ್ತ ಹೋದವು. ಬ್ರೇಕ್ ಮೇಲೆ ಮೆತ್ತಗೆ ಕಾಲಿಟ್ಟರೆ ಸಾಕು, ಮೋಟಾರೇ ಡೈನಮೋದ ಹಾಗೆ ಕರೆಂಟು ಮಾಡಿ ತುಂಬಿಸುತ್ತದೆ. ಅವನಿಗೆ ಖುಷಿಯೋ ಖುಷಿ, "ಮಾವ, ಪುಕ್ಕಟೆ ಪೆಟ್ರೋಲು" ಅಂದ. ನಾಲ್ಕೈದು ತಿರುವು ಆಗಿತ್ತೋ ಇಲ್ಲವೋ, ಬ್ಯಾಟರಿ ತುಂಬಿ ನಿಂತಿತು. ಆಮೇಲೆ ಎಕ್ಸಲೇಟರ್ ಮೇಲೆ ಕಾಲೇ ಇಲ್ಲ, ಆದರೂ ಎಂಜಿನ್ ಒಮ್ಮೆಲೇ ಗೊರ್ ಅಂತ ಕೂಗತೊಡಗಿತು. ಹುಡುಗ ಹೆದರಿ ಸೈಡಿಗೆ ಹಾಕಿದ. ಹಾಳಾದದ್ದು ಏನೂ ಇಲ್ಲ. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ ಗಾಡಿ ಮೋಟಾರಿನಿಂದ ಎಂಜಿನ್ನನ್ನೇ ಸುಮ್ನೆ ತಿರುಗಿಸಿ ಆ ಶಕ್ತಿಯನ್ನು ಖರ್ಚು ಮಾಡುತ್ತದೆ. ಪೆಟ್ರೋಲ್ ಸುಡುತ್ತಿಲ್ಲ, ಎರಡನೇ ಗೇರಿನಲ್ಲಿ ಘಟ್ಟ ಇಳಿದ ಹಾಗೆ ಅಷ್ಟೇ. ಗೇರ್ ಲಿವರಿನಲ್ಲಿ 'ಬಿ' ಅಂತ ಇರುವುದು ಅದಕ್ಕೇ. ನಮ್ಮ ಕಡೆ ಇಳಿಯುವಾಗ ಅದನ್ನು ಹಾಕಿ ರೂಢಿ ಮಾಡಿಕೊಳ್ಳಿ, ಬ್ರೇಕ್ ಬಿಸಿಯಾಗುವುದಿಲ್ಲ.

ಹೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳುತ್ತೇನೆ. ಸಿರ್ಸಿ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ. ನಾಲ್ಕು ಜನ ಕೂತ ಕಾರು ಹತ್ತಿರ ಹತ್ತಿರ 1,600 ಕೆಜಿ. ಅಷ್ಟು ಭಾರ 600 ಮೀಟರ್ ಕೆಳಗಿಳಿದರೆ ಸಿಗುವ ಶಕ್ತಿ ಎರಡೂವರೆ ಯೂನಿಟ್ ಕರೆಂಟಿನಷ್ಟು. ಗಾಳಿಗೆ, ಟಯರಿಗೆ ಒಂದಷ್ಟು ಹೋಯಿತು ಅನ್ನಿ. ಆದರೆ ಹೈರೈಡರ್ ಬ್ಯಾಟರಿ ಒಟ್ಟು 0.76 ಯೂನಿಟ್ಟಿನದ್ದು, ಅದರಲ್ಲೂ ಪೂರ್ತಿ ಬಳಸಲು ಬಿಡುವುದಿಲ್ಲ. ಕೊಡದಲ್ಲಿ ಜೋಗದ ನೀರು ಹಿಡಿದ ಹಾಗೆ. ಹತ್ತುವಾಗ ಇದೇ ತಿರುಗಾಮುರುಗಾ. ಕತಗಾಲ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿಯುತ್ತದೆ, ಮೂರು ಸಿಲಿಂಡರಿನ ಎಂಜಿನ್ ಒಂದೇ ಸಮ ಕೂಗುತ್ತ ಎಳೆಯುತ್ತದೆ. ಎಳೆಯುವುದಿಲ್ಲ ಅಂತಲ್ಲ. ಮುಂದೆ ಅಡಿಕೆ ಲಾರಿ ಇದ್ದು ಒಂದು ತಿರುವಿನ ಮಧ್ಯೆ ಓವರ್‌ಟೇಕ್ ಮಾಡೋಣ ಅನ್ನಿಸಿದಾಗ ಪಿಕಪ್ ನೀವು ಎಣಿಸಿದಷ್ಟು ಇರುವುದಿಲ್ಲ. ಅಂಥ ಕಡೆ ಓವರ್‌ಟೇಕ್ ಮಾಡಬಾರದು ಅನ್ನುವುದು ಬೇರೆ ಮಾತು.

ಮೈಲೇಜಿನ ಲೆಕ್ಕವೂ ಇಲ್ಲಿಂದಲೇ ಬರುತ್ತದೆ. ಹೈಬ್ರಿಡ್ ಉಳಿಸುವುದು ನಿಲ್ಲು-ಹೊರಡು ಟ್ರಾಫಿಕ್ಕಿನಲ್ಲಿ. ಸಿರ್ಸಿಯಲ್ಲಿ ಟ್ರಾಫಿಕ್ ಅಂದರೆ ಮಾರಿಕಾಂಬೆ ಜಾತ್ರೆಯ ವಾರ, ಅದೂ ಎರಡು ವರ್ಷಕ್ಕೊಮ್ಮೆ. ಉಳಿದಂತೆ ನಮ್ಮದು ಘಟ್ಟ, ಇಲ್ಲಾಂದರೆ 66ನೇ ಹೆದ್ದಾರಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯೋಣ, ತಿಂಗಳಿಗೆ 1,500 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಬರೀ ಪೆಟ್ರೋಲ್ ಗಾಡಿ 14 ಕೊಟ್ಟರೆ, ಸ್ಟ್ರಾಂಗ್ ಹೈಬ್ರಿಡ್ 20 ಕೊಟ್ಟರೆ, ತಿಂಗಳಿಗೆ ಉಳಿಯುವುದು 32 ಲೀಟರ್, ವರ್ಷಕ್ಕೆ 38 ಸಾವಿರದ ಚಿಲ್ಲರೆ. ಹೈಬ್ರಿಡ್ಡಿಗೆ ನೀವು ನಾಲ್ಕು ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು ಹತ್ತು ವರ್ಷದ ಮೇಲೆ ಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮಾಮೂಲಿ ಗಾಡಿ 10ಕ್ಕೆ ಇಳಿಯುತ್ತದೆ, ಹೈಬ್ರಿಡ್ 20ರಲ್ಲೇ ನಿಂತಿರುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿ ಅದೇ ನಾಲ್ಕು ಲಕ್ಷ ನಾಲ್ಕೂವರೆ ವರ್ಷದೊಳಗೆ ಬಂದುಬಿಡುತ್ತದೆ. ಹೈರೈಡರ್ ಹೈಬ್ರಿಡ್ಡಿಗೆ ಕಂಪನಿಯವರು ಹೇಳುವ 27.97 ಕಿಲೋಮೀಟರ್ ಮೈಲೇಜ್ ಪರೀಕ್ಷೆಯ ರೋಲರ್ ಮೇಲಿನದ್ದು, ಅದರ ಮೇಲೆ ಮನೆ ಕಟ್ಟಬೇಡಿ.

ಅಂದರೆ ಉತ್ತರ ಕನ್ನಡದಲ್ಲಿ ಹೈಬ್ರಿಡ್ ತಗೊಳ್ಳುವುದಾದರೆ ಪೆಟ್ರೋಲ್ ಉಳಿಸಲು ಅಂತ ತಗೊಳ್ಳಬೇಡಿ. ಕ್ಲಚ್ ತುಳಿಯುವ ಕಷ್ಟ ಇಲ್ಲ, ಪೇಟೆಯಲ್ಲಿ ಸದ್ದಿಲ್ಲ, ಘಟ್ಟ ಇಳಿಯುವಾಗ ಬ್ರೇಕಿಗೆ ಭಾರ ಇಲ್ಲ. ಇದು ಬೇಕು ಅನ್ನಿಸಿದರೆ ತಗೊಳ್ಳಿ. ಆಗ ನೋಡಬೇಕಾದ್ದು ಮೈಲೇಜ್ ಅಲ್ಲ, ಬ್ಯಾಟರಿಯ ವಯಸ್ಸು, ವಾರಂಟಿ, ಮತ್ತೆ ನಿಮ್ಮ ಮನೆಗೆ ಹೋಗುವ ದಾರಿ.

ಈಗ ಒಂದೊಂದೇ ಗಾಡಿ.

ಅಳಿಯನ ಕನಸಿಗೆ ರಕ್ತಸಂಬಂಧ ಇರುವುದು ಅಂದರೆ ಹೋಂಡಾ ಸಿವಿಕ್ ಹೈಬ್ರಿಡ್. 2008ರಲ್ಲಿ ಜಪಾನಿನಿಂದ ಪೂರ್ತಿ ತಯಾರಾಗಿ ಬಂತು, 21 ಲಕ್ಷಕ್ಕೂ ಜಾಸ್ತಿ ಬೆಲೆ. ಮಾರಾಟವಾಗದೆ ಅದೇ ವರ್ಷ ಸುಮಾರು ಎಂಟು ಲಕ್ಷ ಇಳಿಸಿದರು. 1.3 ಲೀಟರ್ ಎಂಜಿನ್, ಎಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯೆ ಸ್ಯಾಂಡ್‌ವಿಚ್ ಮಾಡಿದ ತೆಳ್ಳಗಿನ ಮೋಟಾರ್. ಸಿಆರ್-ಝಡ್‌ನಲ್ಲಿದ್ದದ್ದೂ ಇದೇ ತರದ ವ್ಯವಸ್ಥೆ. ಈಗ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ, ಅದೇ ಅಪಾಯ. ಹದಿನೈದು ವರ್ಷ ದಾಟಿದ ಗಾಡಿ, ಆರ್‌ಸಿ ಮತ್ತೆ ಐದು ವರ್ಷಕ್ಕೆ ಮಾಡಿಸಬೇಕು, ಫಿಟ್‌ನೆಸ್ಸಿಗೆ ನಿಲ್ಲಿಸಬೇಕು. ಬ್ಯಾಟರಿ ಹಳೆಯ ನಿಕಲ್ ಜಾತಿಯದ್ದು, ಇಷ್ಟು ವರ್ಷಕ್ಕೆ ಸತ್ತಿರುತ್ತದೆ ಅಥವಾ ಸಾಯುತ್ತಿರುತ್ತದೆ. ಮೇಲಿಂದ ನಮ್ಮ ಘಟ್ಟದ ಏರಿಗೆ ಹಳೆಯ ಸಿವಿಟಿ, ಅಂದರೆ ಗೇರಿನ ಬದಲು ಬೆಲ್ಟಿನಲ್ಲಿ ಓಡುವ ಆಟೋಮ್ಯಾಟಿಕ್ ಗೇರ್ ಬಾಕ್ಸ್. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಇದನ್ನು ಅಂಗಳದಲ್ಲಿ ಬಿಚ್ಚಿ ಜೋಡಿಸುವ ಹುಚ್ಚಿದ್ದರೆ ಮಾತ್ರ ತಗೊಳ್ಳಿ. ಹಳೆಯ ಪ್ರಿಯಸ್ಸಿಗೂ ಇದೇ ಮಾತು. ಗಾಡಿ ಅದಕ್ಕಿಂತ ಗಟ್ಟಿ, ಆದರೆ ನಮ್ಮ ದೇಶದಲ್ಲಿ ಓಡಿದ್ದೇ ಕೆಲವು, ಒಂದು ಬಂಪರ್ ಹೋದರೆ ಹುಡುಕುತ್ತ ಕೂರಬೇಕು.

ಕ್ಯಾಮ್ರಿ ಹೈಬ್ರಿಡ್ ನೋಡಿದಾಗ ನನ್ನದೇ ಮನಸ್ಸು ಜಾರಿತ್ತು. 2013ರಿಂದ ನಮ್ಮ ಬಿಡದಿಯಲ್ಲೇ ಜೋಡಿಸಿದ ಗಾಡಿ, 2.5 ಲೀಟರ್ ಎಂಜಿನ್, ಸೀಟು ಅಂದರೆ ಸೋಫಾ. ಹೊಸದಾಗಿದ್ದಾಗ ಮೂವತ್ತು ಲಕ್ಷದ ಹತ್ತಿರ. ಹುಬ್ಬಳ್ಳಿಯಲ್ಲಿ ನೋಡಿದ 2014ರ ಗಾಡಿಗೆ ಒಂಬತ್ತೂವರೆ ಕೇಳಿದರು. ಘಟ್ಟ ಹತ್ತಲು ಇದರ ಮುಂದೆ ಯಾವುದೂ ಇಲ್ಲ, ಎಂಜಿನ್ ದೊಡ್ಡದು, ಬ್ಯಾಟರಿ ಖಾಲಿಯಾದರೂ ಗೊತ್ತಾಗುವುದಿಲ್ಲ. ಆದರೆ ಉದ್ದ 4.8 ಮೀಟರಿನಷ್ಟು. ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಕಾಲುವೆ, ಮಧ್ಯೆ ಚೀರೆಕಲ್ಲು ಎದ್ದು ಕೂತಿದೆ. ಅಂಗಳಕ್ಕೆ ಹತ್ತುವ ಉಬ್ಬಿನಲ್ಲಿ ತಳ ತಾಗಿದ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆ ಕಾಲದ ಕ್ಯಾಮ್ರಿಯಲ್ಲಿ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಇರುವುದರಿಂದ ಡಿಕ್ಕಿಯೂ ಕಡಿಮೆ. 2019ರ ಹೊಸ ಮಾಡೆಲ್ಲಿನಲ್ಲಿ ಅದು ಸೀಟಿನ ಕೆಳಗೆ ಹೋಯಿತು. ಹತ್ತು ವರ್ಷದ ಕ್ಯಾಮ್ರಿ ತಗೊಳ್ಳುವವರು ಒಂದೇ ಕೆಲಸ ಮಾಡಿ. ಅಡ್ವಾನ್ಸ್ ಕೊಡುವ ಮೊದಲು ಸರ್ವಿಸ್ ಸೆಂಟರಿನಿಂದ ಹೊಸ ಬ್ಯಾಟರಿಗೆ ಕೊಟೇಶನ್ ಬರೆಸಿಕೊಳ್ಳಿ, ಅದನ್ನು ಗಾಡಿಯ ಬೆಲೆಗೆ ಕೂಡಿಸಿ. ಆ ಒಟ್ಟು ಮೊತ್ತಕ್ಕೂ ನಿಮಗೆ ಗಾಡಿ ಇಷ್ಟವಾದರೆ ಮುಂದೆ ಹೋಗಿ.

ಸಿಟಿ ಇ-ಎಚ್‌ಇವಿ 2022ರ ಮೇನಲ್ಲಿ ಬಂತು, ಆಗ 19.49 ಲಕ್ಷ. ಓಡಿಸಲು ಇದೇ ಎಲ್ಲಕ್ಕಿಂತ ಚೆಂದ, ನನ್ನ ಮಟ್ಟಿಗೆ. ಹೆಚ್ಚಿನ ಹೊತ್ತು ಚಕ್ರ ತಿರುಗಿಸುವುದು ಮೋಟಾರೇ, ಎಂಜಿನ್ ತೆರೆಮರೆಯಲ್ಲಿ ಕೂತು ಕರೆಂಟು ಮಾಡುತ್ತದೆ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಎಂಜಿನ್ ನೇರವಾಗಿ ಕೈ ಹಾಕುತ್ತದೆ. ಸ್ಟೀರಿಂಗಿನ ಹಿಂದಿರುವ ಪ್ಯಾಡಲ್ಲಿನಿಂದ ಗಾಡಿ ಎಷ್ಟು ಹಿಡಿಯಬೇಕು ಅಂತ ಕಮ್ಮಿ-ಜಾಸ್ತಿ ಮಾಡಬಹುದು, ಘಟ್ಟ ಇಳಿಯುವಾಗ ಅದೊಂದು ಆಟ. ಕೂಪೆ ಬೇಕು ಅನ್ನುವ ಹುಡುಗರ ಆಸೆಗೆ ಹತ್ತಿರ ಬರುವುದು ಇದೇ, ಕುಳಿತರೆ ನೆಲಕ್ಕೆ ಹತ್ತಿರ ಇರುತ್ತೀರಿ. ಆದರೆ ಅದೇ ತೊಂದರೆ ಕೂಡ. ಕಾರವಾರದ ಬೈತಖೋಲ, ಕೋಡಿಬಾಗ ಕಡೆ ಡಾಂಬರು ರಸ್ತೆಯ ಮನೆಯವರಿಗೆ ಸರಿ, ಯಲ್ಲಾಪುರದ ಒಳಗಿನ ಹಳ್ಳಿಗೆ ಬೇಡ. ಬ್ಯಾಟರಿ ಡಿಕ್ಕಿಯ ಜಾಗವನ್ನೂ ಚೆನ್ನಾಗಿಯೇ ತಿಂದಿದೆ. ಒಂದು ಅಡಿಕೆ ಮೂಟೆ ಹಾಕಿದರೆ ಮದುವೆಗೆ ಹೋಗುವ ಸೂಟ್‌ಕೇಸಿಗೆ ಜಾಗ ಇಲ್ಲ.

ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಅಣ್ಣ ತಮ್ಮ. ಎರಡೂ ಬಿಡದಿಯ ಒಂದೇ ಕಾರ್ಖಾನೆಯಿಂದ ಬಂದದ್ದು, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್, ಮೋಟಾರ್, ಬ್ಯಾಟರಿ ಎಲ್ಲ ಒಂದೇ. ಎರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ, ಯಾವುದು ಕಡಿಮೆ ಓಡಿದೆಯೋ, ಯಾವುದರ ಸರ್ವಿಸ್ ಸೆಂಟರ್ ನಿಮಗೆ ಹತ್ತಿರವೋ ಅದು. ನೆಲದಿಂದ 210 ಮಿಲಿಮೀಟರ್ ಎತ್ತರ ಇರುವುದರಿಂದ ನಮ್ಮ ತೋಟದ ದಾರಿಗೆ ಇದೇ ಸೈ. ಡಿಕ್ಕಿ ಇಲ್ಲೂ ಚಿಕ್ಕದು, 265 ಲೀಟರ್. ಮೈಲ್ಡ್ ಮಾಡೆಲ್ಲಿನಲ್ಲಿ 373 ಇದೆ. 2022ರ ಕೊನೆಯಲ್ಲಿ ಹೊಸದು ಹದಿನೈದರಿಂದ ಹತ್ತೊಂಬತ್ತೂವರೆ ಲಕ್ಷದ ಒಳಗಿತ್ತು. ದೊಡ್ಡ ಗುಣ ಅಂದರೆ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. ಸಿಟಿಗೂ ಅಷ್ಟೇ ಇದೆ. 2022ರ ಗಾಡಿ ತಗೊಂಡರೆ 2030ರವರೆಗೆ ನಿಶ್ಚಿಂತೆ. ಅದಕ್ಕೆ ಸರ್ವಿಸ್ ಎಲ್ಲ ಕಂಪನಿಯಲ್ಲೇ ಆಗಿದೆಯಾ ಅಂತ ದಾಖಲೆ ನೋಡಿಕೊಳ್ಳಿ, ಬಾಯಿ ಮಾತು ಬೇಡ.

ಸಿಯಾಝ್. ಇದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ, ಅದೇ ಇದರ ಒಳ್ಳೆಯತನ. 2018ರಿಂದ ಬಂದ 1.5 ಲೀಟರ್ ಪೆಟ್ರೋಲ್, ಐದು ಗೇರು, 510 ಲೀಟರ್ ಡಿಕ್ಕಿ. ಹೈಬ್ರಿಡ್ ಅನ್ನುವ ಮಾತನ್ನು ಮರೆತು ಒಳ್ಳೆಯ ಪೆಟ್ರೋಲ್ ಗಾಡಿ ಅಂತ ತಗೊಳ್ಳಿ. ಸಿರ್ಸಿಯ ಯಾವ ಗ್ಯಾರೇಜಿನಲ್ಲೂ ಬಿಚ್ಚುತ್ತಾರೆ. 2020ರ ಹಿಂದಿನ ಡೀಸೆಲ್ ಸಿಕ್ಕರೆ ಘಟ್ಟಕ್ಕೆ ಅದೂ ಒಳ್ಳೆಯದೇ, ಮೈಲೇಜಿನಲ್ಲಿ ಎಷ್ಟೋ ಸಲ ಸ್ಟ್ರಾಂಗ್ ಹೈಬ್ರಿಡ್ಡನ್ನೇ ನಾಚಿಸುತ್ತದೆ.

ಗಾಡಿ ಯಾವುದೇ ಆಗಲಿ, ನೋಡಲು ಹೋಗುವ ಮೊದಲು ಮಾರುವವರಿಗೆ ಫೋನ್ ಮಾಡಿ "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚುತ್ತದೆ. ತಣ್ಣಗಿದ್ದಾಗ ಶುರು ಮಾಡಿ, ಒಂದು ಏರು, ಒಂದು ಇಳಿಜಾರು ಓಡಿಸಿ, ಬ್ಯಾಟರಿಯ ಕಡ್ಡಿಗಳ ಮೇಲೆ ಕಣ್ಣಿಡಿ. ಒಂದು ಸಣ್ಣ ಏರಿಗೇ ಮೇಲಿಂದ ತಳಕ್ಕೆ ಬಿದ್ದು, ಇಳಿಜಾರಿನಲ್ಲಿ ಕ್ಷಣದಲ್ಲೇ ಮೇಲೆ ಹಾರಿದರೆ ಬ್ಯಾಟರಿಯೊಳಗೆ ಜೀವ ಕಡಿಮೆ ಅಂತ ಅರ್ಥ. ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ ಸೆಲ್ಲುಗಳ ವೋಲ್ಟೇಜ್ ನೋಡಿಸಿ. ಒಂದೆರಡು ಬ್ಲಾಕ್ (ಸೆಲ್ಲುಗಳ ಗುಂಪು) ಮಾತ್ರ ಉಳಿದವಕ್ಕಿಂತ ಕೆಳಗಿದ್ದರೆ ಬೆಲೆ ಇಳಿಸಿ ಕೇಳಬೇಡಿ, ಬಿಟ್ಟು ಬನ್ನಿ.

ಹಿಂದಿನ ಸೀಟಿನ ಹತ್ತಿರ ಅಥವಾ ಡಿಕ್ಕಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಬ್ಯಾಟರಿ ತಣ್ಣಗಾಗಲು ಫ್ಯಾನು ಗಾಳಿ ಎಳೆಯುವುದು ಅಲ್ಲಿಂದ. ನಾವು ನೋಡಿದ ಒಂದು ಗಾಡಿಯಲ್ಲಿ ಆ ಜಾಲರಿಯ ಮೇಲೆ ಕಂಬಳಿ ಮಡಚಿಟ್ಟಿದ್ದರು, ಕೆಳಗೆ ನಾಯಿಕೂದಲು, ಕೆಂಪು ಧೂಳು ಸೇರಿ ರೊಟ್ಟಿಯ ಹಾಗೆ ಕಟ್ಟಿಕೊಂಡಿತ್ತು. ಬೆರಳಲ್ಲಿ ಎತ್ತಿದರೆ ಇಡೀ ಬಂತು. ಆ ಬ್ಯಾಟರಿ ಎಷ್ಟು ಬೇಸಿಗೆ ಉಸಿರು ಕಟ್ಟಿಕೊಂಡು ಕಳೆದಿತ್ತೋ.

ಇಲಿ. ನಗಬೇಡಿ. ಮಳೆಗಾಲದಲ್ಲಿ ತೋಟದ ಇಲಿಗೆ ಬೆಚ್ಚಗಿನ ಬಾನೆಟ್ ಅಂದರೆ ಮಾವನ ಮನೆ. ಮಾಮೂಲಿ ಗಾಡಿಯ ವೈರು ಕಡಿದರೆ ನಮ್ಮ ಮೆಕ್ಯಾನಿಕ್ ಟೇಪು ಸುತ್ತಿ ಕಳಿಸುತ್ತಾನೆ. ಹೈಬ್ರಿಡ್ಡಿನ ಕಿತ್ತಳೆ ವೈರಿಗೆ ಟೇಪು ಸುತ್ತುವ ಕೆಲಸ ಇಲ್ಲ, ಕೈ ಹಾಕಲೂ ಬಾರದು. ಕೊಟ್ಟಿಗೆ ಪಕ್ಕ, ಅಡಿಕೆ ಅಟ್ಟದ ಕೆಳಗೆ ನಿಲ್ಲಿಸುವವರಾದರೆ ಇದನ್ನು ಗಂಭೀರವಾಗಿ ತಗೊಳ್ಳಿ.

ಇನ್ನೊಂದು, ಮಗ ಬೆಂಗಳೂರಲ್ಲಿ, ಗಾಡಿ ಊರಲ್ಲಿ, ಅಪ್ಪ ತಿಂಗಳಿಗೊಮ್ಮೆ ಪೇಟೆಗೆ ಅನ್ನುವ ಮನೆಗೆ ಹೈಬ್ರಿಡ್ ಬೇಡವೇ ಬೇಡ. ದೊಡ್ಡ ಬ್ಯಾಟರಿಯಲ್ಲಿ ಎಷ್ಟೇ ಕರೆಂಟಿದ್ದರೂ ಗಾಡಿಯ ಕಂಪ್ಯೂಟರ್ ಎಬ್ಬಿಸುವುದು ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿ. ವಾರಗಟ್ಟಲೆ ನಿಂತರೆ ಅದು ಖಾಲಿ. ಆಮೇಲೆ ಊರ ಹುಡುಗರನ್ನು ಕರೆದು ದಬ್ಬಿಸೋಣ ಅಂದರೆ ಆಗುವುದಿಲ್ಲ, ದಬ್ಬಿ ಸ್ಟಾರ್ಟ್ ಮಾಡುವ ಗಾಡಿಯೇ ಅಲ್ಲ ಅದು.

ಕರಾವಳಿಯ ಗಾಡಿಯಾದರೆ ಮಲಗಿಯಾದರೂ ತಳ ನೋಡಿ. ಉಪ್ಪುಗಾಳಿಗೆ ಎಲ್ಲ ಗಾಡಿಯೂ ತುಕ್ಕು ಹಿಡಿಯುತ್ತದೆ, ಹೈಬ್ರಿಡ್ಡಿಗೆ ಒಂದು ಹೆಚ್ಚಿನ ರೋಗ. ಬ್ರೇಕ್ ಕೆಲಸ ಮೋಟಾರೇ ಮಾಡುವುದರಿಂದ ಡಿಸ್ಕು ಉಜ್ಜುವುದು ಕಡಿಮೆ, ಉಜ್ಜದ ಡಿಸ್ಕಿಗೆ ತುಕ್ಕು ಬೇಗ. ಹಾಗೆಯೇ ನೆರೆ ನೀರು. 2019, 2021ರಲ್ಲಿ ಗಂಗಾವಳಿ ಉಕ್ಕಿದಾಗ ಅಂಕೋಲಾ ಕಡೆ ಎಷ್ಟು ಅಂಗಳಕ್ಕೆ ನೀರು ಬಂತು ಅಂತ ಗೊತ್ತಲ್ಲ. ಹೈಬ್ರಿಡ್ ಬ್ಯಾಟರಿ ಇರುವುದು ಕೆಳಗೆ, ಸೀಟಿನ ಮಟ್ಟಕ್ಕೆ ನೀರು ಬಂದ ಗಾಡಿ ಮುಟ್ಟಬಾರದು. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗೊತ್ತಾಗುತ್ತದೆ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿ ಮೂಸಿ. ಇನ್ಶೂರೆನ್ಸ್ ಕ್ಲೇಮಿನ ಇತಿಹಾಸವನ್ನೂ ಕೇಳಿ.

ಕಾರವಾರದವರಿಗೆ ಗೋವಾ ಗಾಡಿ ಅಂದರೆ ಆಸೆ. ಮಾಜಾಳಿ ದಾಟಿದರೆ ಗೋವಾ, ಬೆಲೆಯೂ ಕಡಿಮೆ ಕಾಣುತ್ತದೆ. ಆದರೆ ಇಲ್ಲಿ ಇಟ್ಟುಕೊಂಡು ಓಡಿಸುವುದಾದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತಂದು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಿ, ಕಾರವಾರದ ಕೆಎ-30 ನಂಬರ್ ಮಾಡಿಸಬೇಕು. ಹತ್ತರಿಂದ ಇಪ್ಪತ್ತು ಲಕ್ಷದ ಹೊಸ ಗಾಡಿಗೆ ನಮ್ಮಲ್ಲಿ ತೆರಿಗೆ ನೂರಕ್ಕೆ 17, ಮೇಲೆ ಸೆಸ್. ಗಾಡಿಯ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದೆ, ಆದರೂ ಎರಡು ಮೂರು ವರ್ಷದ ಹೈಬ್ರಿಡ್ಡಿಗೆ ಆಗುವ ಮೊತ್ತ ಸಣ್ಣದಲ್ಲ. ಮಡಗಾಂವಿನಲ್ಲಿ ಅಗ್ಗ ಅನ್ನಿಸಿದ ಗ್ರ್ಯಾಂಡ್ ವಿಟಾರಾಕ್ಕೆ ಇದನ್ನು ಕೂಡಿಸಿ ನೋಡಿದಾಗ ಹುಬ್ಬಳ್ಳಿಯದ್ದೇ ಕಡಿಮೆಗೆ ಬಿತ್ತು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಸಾಲ ತೀರಿದ್ದಕ್ಕೆ ಕೊಡುವ ಫಾರ್ಮ್ 35 ಕೈಗೆ ಬಂದ ಮೇಲೇ ಪೂರ್ತಿ ದುಡ್ಡು.

ಅಳಿಯನಿಗೆ ನಾನು ಹೇಳಿದ್ದು ಇಷ್ಟು. ಎಂಟು ಲಕ್ಷವೇ ಅಂದರೆ 2018ರ ನಂತರದ ಸಿಯಾಝ್, ಐದು ಗೇರಿನದ್ದು. ಹದಿಮೂರು-ಹದಿನಾಲ್ಕಕ್ಕೆ ಏರಬಲ್ಲೆ ಅಂದರೆ ವಾರಂಟಿ ಉಳಿದ ಹೈರೈಡರ್ ಅಥವಾ ಪ್ಲಸ್ ಇರುವ ಗ್ರ್ಯಾಂಡ್ ವಿಟಾರಾ. ಕಾರವಾರದಲ್ಲೇ ಮನೆ ಮಾಡಿ ಊರಿಗೆ ಬರುವುದು ಕಡಿಮೆಯಾದರೆ ಸಿಟಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಎರಡು ಬಾಗಿಲು ಬಿಟ್ರೆ ಅಜ್ಜಿನ ಹಿಂದೆ ಕೂರಿಸಬಹುದು" ಅಂತ ತಾನೇ ಸಮಾಧಾನ ಮಾಡಿಕೊಂಡ. ಈ ಭಾನುವಾರ ಕುಮಟಾದಲ್ಲಿ ಒಂದು ಸಿಯಾಝ್ ನೋಡಲು ಹೊರಟಿದ್ದೇವೆ. ಸ್ಟಾರ್ಟ್ ಮಾಡಬೇಡಿ ಅಂತ ಫೋನ್ ಮಾಡಿ ಆಗಿದೆ.